ಗುಂಡವ್ವ ತಿನ್ನಿಸಿದ ತುತ್ತು

ಗುಂಡವ್ವನ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು. ಝಳಕಿಯ ಹತ್ತಿರದ ಆ ಊರಿಗೆ ನೀರಿನ ಟ್ಯಾಂಕರ್ ತಡವಾಗಿ ಬಂದರೆ ಡ್ರೈವರಿಗೆ ಮೊದಲು ಸಿಗುತ್ತಿದ್ದುದು ಕೊಡಗಳ ಸಾಲಲ್ಲ, ಗುಂಡವ್ವನ ಬೈಗುಳ. ಆದರೆ ಕಟ್ಟೆಯ ಮೇಲೆ ಹೆಂಗಸರು ಮುಟ್ಟು, ಬಸಿರು ಅಂತ ಮಾತು ತೆಗೆದರೆ ಸಾಕು, ಇದೇ ಮುದುಕಿ ಸೆರಗು ಝಾಡಿಸಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಸೊಸೆ ರೇಣುಕಾ ಮದುವೆಯಾಗಿ ಬಂದಾಗಿನಿಂದ ಇದನ್ನು ನೋಡಿದ್ದಳು. ಅತ್ತೆಯ ಸ್ವಭಾವವೇ ಹಾಗೆ ಅಂತ ಸುಮ್ಮನಿದ್ದಳು.

ರೇಣುಕಾಳದು ನಿಂಬೆ ತೋಟದ ಕೆಲಸ. ಹಣ್ಣು ಆರಿಸಬೇಕು, ಸಣ್ಣದು ದೊಡ್ಡದು ಬೇರೆ ಮಾಡಬೇಕು, ಚೀಲಕ್ಕೆ ತುಂಬಬೇಕು. ಆ ಕಡೆ ಒಂದು ಕಟ್ಟಳೆ ಇದೆ. ಮುಟ್ಟಾದವಳು ನಿಂಬೆ ಗಿಡದ ನೆರಳಿಗೂ ಹೋಗಬಾರದು, ಹೋದರೆ ಹೂವು ಉದುರುತ್ತದೆಯಂತೆ. ತಿಂಗಳಿಗೆ ನಾಲ್ಕು ದಿನವಾದರೆ ಮನೆಯಲ್ಲಿ ಕೂರಬಹುದು. ಆದರೆ ರೇಣುಕಾಳಿಗೆ ನಲವತ್ತು ದಾಟಿದ ಮೇಲೆ ರಕ್ತ ಹೋಗಲು ಶುರುವಾದರೆ ಅರ್ಧ ತಿಂಗಳಾದರೂ ನಿಲ್ಲುತ್ತಿರಲಿಲ್ಲ. ಹೇಳಿದರೆ ಕೆಲಸವಿಲ್ಲ. ಹಾಗಾಗಿ ಕಪ್ಪು ಬಣ್ಣದ ಸೀರೆಯನ್ನೇ ಉಟ್ಟು, ಬಾಯಿ ಮುಚ್ಚಿಕೊಂಡು ಹೋದಳು. ಗಿಡಗಳೇನೂ ಒಣಗಲಿಲ್ಲ ಬಿಡಿ, ಒಣಗಿದವಳು ರೇಣುಕಾ. ಒಂದು ಕೊಡ ನೀರೆತ್ತಿದರೆ ಗೋಡೆ ಹಿಡಿದು ನಿಲ್ಲುವ ಹಾಗಾದಳು.

ಗುಟ್ಟು ಬಯಲಾದದ್ದೇ ತಡ, ಬುದ್ಧಿ ಹೇಳುವವರ ಸಂತೆ ನೆರೆಯಿತು. ‘ಚೀಲಾ ತಗಿಸಿಬಿಡ, ಕಿರಿಕಿರಿನೇ ಇರಂಗಿಲ್ಲ.’ ಅಲ್ಲ, ಹೆಣ್ಣಿನ ಗರ್ಭಚೀಲವೆಂದರೆ ಹರಿದ ಕೌದಿಯೇ, ತೆಗೆದು ಹೊರಗೆ ಎಸೆಯಲಿಕ್ಕೆ? ಊರಿನಲ್ಲಿ ಎಷ್ಟೋ ಮಂದಿ ಹಾಗೆಯೇ ತೆಗೆಸಿಕೊಂಡು ಕೂತಿದ್ದರು. ರೇಣುಕಾಳ ಗಂಡ ಮಾನಪ್ಪ ಟೆಂಪೊ ಹೊಡೆಯುವವನು, ಒಳ್ಳೆಯವನೇ, ಆದರೆ ಎಲ್ಲದಕ್ಕೂ ಅವಸರ. ಪೇಟೆಯ ಒಬ್ಬ ಡಾಕ್ಟರಿಗೆ ತೋರಿಸಿದ. ಅವರು ಒಂದು ಸಲ ನೋಡಿದವರೇ ಸೋಮವಾರ ಚೀಲ ತೆಗೆಯೋಣ ಅಂದರು. ಇವನು ಹೂಂ ಅಂದು ಬಂದ. ಹೊಟ್ಟೆ ಕೊಯ್ಯುತ್ತಾರೆಂದು ರೇಣುಕಾ ಹೆದರಿದಳು. ಬೇಡ ಅನ್ನಲು ಅವಳಿಗೆ ಬಾಯಿಯೇ ಬರಲಿಲ್ಲ.

ಜೋಳ ಹಸನು ಮಾಡುತ್ತಿದ್ದ ಗುಂಡವ್ವ ಮೊರ ಕೆಳಗಿಟ್ಟಳು.

‘ಮಾನ್ಯಾ, ಸೋಮವಾರ ಎಲ್ಲಿಗೂ ಹೋಗೂದು ಬ್ಯಾಡ. ಇಂಡ್ಯಾಗ ಒಬ್ಬಾಕಿ ಹೆಣ್ಮಗಳು ಡಾಕ್ಟರ್ ಅದಾಳಂತ. ಮೊದಲ ಆಕಿಗೆ ತೋರ್ಸು.’

‘ಯವ್ವಾ, ಇದರಾಗ ನಿನಗೇನ ತಿಳಿತೈತಿ?’

‘ತಿಳೀಲಿ, ಬಿಡ್ಲಿ. ನೀ ತೋರ್ಸು ಅಂದ್ರ ತೋರ್ಸು!’

ಮಾನಪ್ಪ ಸೋಮವಾರದ ಮಾತು ಬಿಟ್ಟು ಇಂಡಿಗೆ ಟೆಂಪೊ ತಿರುಗಿಸಿದ.

ಇಂಡಿ ಪಟ್ಟಣದ ಡಾಕ್ಟರ್ ವಿದ್ಯಾವತಿ ಅವಸರದವರಲ್ಲ. ಸ್ಕ್ಯಾನ್ ಮಾಡಿದರು, ಚೀಲದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇಲ್ಲ, ಗಂಟೂ ಇಲ್ಲ ಅಂತ ಖಾತ್ರಿಯಾದ ಮೇಲೆ ಅತ್ತೆ ಸೊಸೆ ಇಬ್ಬರನ್ನೂ ಎದುರು ಕೂರಿಸಿಕೊಂಡರು.

‘ಮತ್ತ ಮಕ್ಕಳು ಬೇಕೇನ್ರಿ?’

ರೇಣುಕಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ‘ಅಯ್ಯ, ಮಗಳಿಗೇ ಕೂಸಾಗೈತ್ರಿ ಬಾಯಾರ. ನನಗ ಮಕ್ಕಳಾಗದ ಆಪರೇಷನ್ ಯಾವಾಗೋ ಆಗೈತಿ.’

‘ಹಂಗಾದ್ರ ಕೇಳ್ರಿ. ತ್ರಾಸ ಕೊಡಾಕತ್ತಿದ್ದು ಒಳಗಿನ ಪದರ, ಚೀಲಲ್ಲ. ಗ್ವಾಡಿ ಸುಣ್ಣ ಉದುರ್ತೈತಿ ಅಂತ ಮನಿ ಕೆಡವೂದು ಬ್ಯಾಡ. ಒಂದು ಮಶೀನ್ ಐತಿ. ಅದರ ತುದೀಗೆ ಸಣ್ಣ ಬಲೂನ್ ಇರ್ತೈತಿ. ಕೊಯ್ಯೂದಿಲ್ಲ, ಹೊಲಿಯೂದಿಲ್ಲ, ಕೆಳಗಿಂದನ ಒಳಗ ಬಿಟ್ಟು ನೀರು ತುಂಬಿ ಬಿಸಿ ಮಾಡ್ತೇವಿ. ಪದರ ಅಷ್ಟ ಸುಡತೈತಿ.’

‘ಸುಟ್ಟು ಗಿಟ್ಟು ತೂತ ಬಿದ್ರ?’ ಗುಂಡವ್ವ ತಟ್ಟನೆ ಕೇಳಿದಳು.

‘ಚಲೋ ಕೇಳಿದ್ರಿ, ಅಮ್ಮಾ. ಬಲೂನಿನಾಗ ಒತ್ತಡ ಸರಿಯಾಗಿ ನಿಲ್ಲೋತನಕ ಮಶೀನ್ ಬಿಸಿನೇ ಆಗಂಗಿಲ್ಲ. ನಡುವ ಎಲ್ಲ್ಯರ ಸೋರಿದ್ರ ತಾನ ಬಂದ್ ಆಕ್ಕೈತಿ.’ ಆಮೇಲೆ ರೇಣುಕಾಳ ಕಡೆ ತಿರುಗಿದರು. ‘ಕೆಲವರಿಗೆ ಪೂರಾ ನಿಲ್ಲತೈತಿ, ಕೆಲವರಿಗೆ ಕಡಿಮಿ ಆಗತೈತಿ. ಗುಣ ಬರಲಿಲ್ಲಂದ್ರ ಮುಂದ ನೋಡೂಣು. ನಿಮಗೇನ ಬೇಕ್ರಿ? ನಿಮ್ಮ ಮನ್ಯಾವ್ರನ್ನ ಅಲ್ಲ, ನಿಮ್ಮನ್ನ ಕೇಳಾಕತ್ತೇನಿ.’

‘ನನಗ ಇದ ಬೇಕ್ರಿ,’ ಅಂದಳು ರೇಣುಕಾ. ಪಕ್ಕದಲ್ಲಿ ಗುಂಡವ್ವ ಕಣ್ಣೊರೆಸಿಕೊಂಡಳು. ಫಿನಾಯಿಲ್ ವಾಸನೆಗೆ ಇರಬೇಕು ಅಂದುಕೊಂಡಳು ಸೊಸೆ.

ಹೊಟ್ಟೆಯಲ್ಲಿ ಏನೂ ಇರದಂತೆ ಬರಬೇಕು ಅಂತ ನರ್ಸ್ ಎರಡೆರಡು ಸಲ ಹೇಳಿ ಕಳಿಸಿದ್ದಳು. ಆ ದಿನ ನಸುಕಿನಲ್ಲಿ ಮಾನಪ್ಪ ಟೆಂಪೊ ಚಾಲೂ ಮಾಡುತ್ತಿದ್ದರೆ, ಗುಂಡವ್ವ ಸೊಸೆಯನ್ನು ಅಡುಗೆಮನೆಗೆ ಎಳೆದೊಯ್ದು ಮೊಸರನ್ನದ ತಾಟು ಹಿಡಿದಳು.

‘ಬ್ಯಾಡ ಅಂದಾರ್ರಿ ಅತ್ತಿ.’

‘ಬರೇ ಹೊಟ್ಟಿಲೆ ಯಾರರ ಮನಿ ಬಿಟ್ಟು ಹೊಂಡ್ತಾರ? ಒಂದ ತುತ್ತು. ನನ್ನ ಆಣಿ ಐತಿ.’

ಒಂದು ತುತ್ತು ಅನ್ನುತ್ತ ಅನ್ನುತ್ತ ತಾಟೇ ಖಾಲಿಯಾಯಿತು. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ ರೇಣುಕಾಳಿಗೆ ಸುಳ್ಳು ಹೇಳಲಾಗಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರ್ ತಲೆಯ ಮೇಲೆ ಕೈಹೊತ್ತರು. ಉಂಡದ್ದು ಕರಗಬೇಕು, ಮಧ್ಯಾಹ್ನದ ಮೇಲೆ ನೋಡೋಣ ಅಂದರು.

‘ಸಣ್ಣ ಕೂಸಿಗೆ ತಿಳಿತೈತಿ, ನಿನಗ ತಿಳಿಯಂಗಿಲ್ಲಲ್ಲ ಯವ್ವಾ!’ ಎಲ್ಲರೆದುರೇ ಕೂಗಾಡಿ ಮಾನಪ್ಪ ಹೊರಗೆ ಹೋದ.

ಒಂದಕ್ಕೆ ಹತ್ತು ತಿರುಗಿಸಿ ಕೊಡುವ ಗುಂಡವ್ವ ಬೆಂಚಿನ ತುದಿಯಲ್ಲಿ ಮುದ್ದೆಯಾಗಿ ಕೂತಳು. ರೇಣುಕಾ ಹತ್ತಿರ ಸರಿದು ಅತ್ತೆಯ ಕೈ ಹಿಡಿದಳು.

‘ನನ್ನೂ ಹಿಂಗ ಕರಕೊಂಡು ಹೋಗಿದ್ರು,’ ಅಂದಳು ಗುಂಡವ್ವ, ನೆಲ ನೋಡುತ್ತ. ‘ಮಾನ್ಯಾ ಆಗಿನ್ನೂ ಸಾಲಿಗೆ ಹೊಂಟಿದ್ದ. ಸಣ್ಣ ಆಪರೇಷನ್ ಅಂದ್ರು. ನಿಮ್ಮ ಮಾವ ಹೆಬ್ಬಟ್ಟು ಒತ್ತಿದ. ಚೀಲಾ ಹೋಗೇತಿ ಅಂತ ನನಗ ಗೊತ್ತಾಗಿದ್ದು ಊರಿಗೆ ಬಂದ ಮ್ಯಾಲ, ಬಾವಿ ಕಡೆ ಹೆಂಗಸರು ಮಾತಾಡೂದು ಕೇಳಿ. ನನಗ ಇನ್ನೊಂದು ಕೂಸು ಬೇಕಿತ್ತವ್ವಾ. ಒಂದು ಹೆಣ್ಣುಕೂಸು.’

ರೇಣುಕಾ ಅತ್ತೆಯ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು.

‘ಅವತ್ತ ಮುಂಜಾನಿ ಭಾಳ ಹಸಿವಾಗಿತ್ತು. ಒಂದು ತುತ್ತು ಕೊಡ್ರಿ ಅಂದೆ. ಯಾರೂ ಕೊಡಲಿಲ್ಲ, ಯಾಕ ಕೊಡೂದಿಲ್ಲ ಅಂತನೂ ಹೇಳಲಿಲ್ಲ. ಆ ಹಸಿವು ಇನ್ನೂ ಮರಿಯಾಕ ಆಗವಲ್ದು. ನಿನ್ನ ಹಂಗ ಕಳಸಾಕ ನನಗ ಮನಸ್ಸಾಗಲಿಲ್ಲ. ತಪ್ಪಾತು ನನ್ನವ್ವಾ.’

‘ತಪ್ಪೇನಿಲ್ರಿ ಅತ್ತಿ,’ ಅಂದಳು ರೇಣುಕಾ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು, ಈ ಜೀವದ ಒಳಗೆ ಏನಿದೆ ಅಂತ ತಾನೂ ಒಂದು ಸಲ ಕೇಳಲಿಲ್ಲವಲ್ಲ ಅಂತ ಅವಳಿಗೆ ಸಂಕಟವಾಯಿತು. ಮುದುಕಿಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಮಧ್ಯಾಹ್ನದವರೆಗೂ ಹಾಗೆಯೇ ಕೂತಿದ್ದರು.

ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟಿದ್ದರಿಂದ ರೇಣುಕಾ ಎಚ್ಚರವಾಗಿಯೇ ಇದ್ದಳು. ಮಶೀನು ಒಮ್ಮೆ ಕುಂಯ್‌ ಅಂದು ಸುಮ್ಮನಾಯಿತು. ‘ಗಾಬರಿ ಆಗಬ್ಯಾಡ್ರಿ, ಒತ್ತಡ ಇನ್ನೂ ನಿಂತಿಲ್ಲ, ಅದಕ್ಕ ತಡದೈತಿ,’ ಅಂದರು ಡಾಕ್ಟರ್. ಇನ್ನಷ್ಟು ನೀರು ತುಂಬಿ, ಅಂಕಿ ಅಲುಗಾಡದೆ ನಿಂತದ್ದನ್ನು ನೋಡಿಯೇ ಮುಂದುವರಿದರು. ಹತ್ತು ನಿಮಿಷದೊಳಗೆ ಬಿಸಿ ಕೊಡುವುದು ಮುಗಿಯಿತು. ಸಂಜೆ ಕಿಬ್ಬೊಟ್ಟೆ ನುಲಿಯಿತು, ಕೆಲವು ವಾರ ಮುಟ್ಟಿನ ಹಾಗೆ ನೀರು ನೀರು ಹೋಯಿತು. ಅದನ್ನೆಲ್ಲ ಡಾಕ್ಟರ್ ಮೊದಲೇ ಹೇಳಿದ್ದರು.

ಮೂರು ತಿಂಗಳ ಮೇಲೆ ತೋರಿಸಲು ಹೋದಾಗ ರೇಣುಕಾಳ ಮುಖಕ್ಕೆ ಬಣ್ಣ ಬಂದಿತ್ತು. ಮುಟ್ಟು ಈಗ ಬಂದರೆ ಬಂತು ಅನ್ನುವಷ್ಟೇ. ‘ಆರಾಮ ಅದೀರಿ, ಹೋಗಿ ಬರ್ರಿ,’ ಅಂದರು ವಿದ್ಯಾವತಿ.

‘ತಡೀರಿ ಬಾಯಾರ,’ ಅಂದವಳೇ ರೇಣುಕಾ ಎದ್ದು, ಬಾಗಿಲ ಬಳಿ ನಿಂತಿದ್ದ ಅತ್ತೆಯನ್ನು ಕೈಹಿಡಿದು ತಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು.

‘ಏಯ್, ನನಗೇನ ಧಾಡಿ ಆಗೇತಿ?’ ಗುಂಡವ್ವ ಏಳಲು ನೋಡಿದಳು.

ಡಾಕ್ಟರ್ ಪೆನ್ನು ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು. ‘ಏನ ತ್ರಾಸ ಐತ್ರಿ, ಅಮ್ಮಾ?’

ಗುಂಡವ್ವ ಸೊಸೆಯ ಮುಖ ನೋಡಿದಳು. ‘ಹೇಳ್ರಿ ಅತ್ತಿ,’ ಅಂದಳು ರೇಣುಕಾ, ಭುಜದ ಮೇಲಿಟ್ಟ ಕೈ ತೆಗೆಯದೆ.

ಮುದುಕಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

‘ಬಾಯಾರ, ಅವತ್ತ ನನ್ನ ಹೊಟ್ಟ್ಯಾಗಿಂದ ಏನೇನ ತಗದಾರ, ಏನೇನ ಉಳಿಸ್ಯಾರ, ನೋಡಿ ಹೇಳ್ತೀರೇನ್ರಿ? ಇಷ್ಟ ವರ್ಷ ಆತು, ನನಗ ಯಾರೂ ಹೇಳಿಲ್ಲ.’