ಫಿಲ್ಲುಬಾಯಿ ಕಿತ್ತುಕೊಂಡ ಮಗು

ಮದುವೆಯಾಗಿ ಹೊನ್ನಾವರಕ್ಕೆ ಬಂದ ಹೊಸತರಲ್ಲಿ ರವಿಕೆ ಹೊಲಿಸಲೆಂದು ಪಕ್ಕದ ಮನೆಗೆ ಹೋದರೆ, ಅಲ್ಲಿ ಸಂತ ಅಂತೋನಿ ಅಕ್ಕಿ ಡಬ್ಬದಲ್ಲಿ ತಲೆಕೆಳಗಾಗಿ ನಿಂತಿದ್ದ. ಸೊಂಟದವರೆಗೆ ಅಕ್ಕಿಯೊಳಗೆ ಹೂತುಹೋಗಿದ್ದ. ಕಂದು ನಿಲುವಂಗಿಯ ಕೆಳಭಾಗ, ಮರದ ಎರಡು ಪಾದ, ಇಷ್ಟೇ ಮೇಲೆ ಕಾಣುತ್ತಿದ್ದದ್ದು. ನಾನು ಹೆದರಿ ಹೊಸ್ತಿಲಲ್ಲೇ ನಿಂತೆ. ಹೊಲಿಗೆ ಮಿಶನ್ನಿನ ಮುಂದೆ ಕೂತಿದ್ದ ಹೆಂಗಸು ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಕರೆದಳು.

"ಒಳಗೆ ಬಾ ತಂಗಿ. ಅವ ಎಂತದೂ ಮಾಡುದಿಲ್ಲ. ಕಾಸರಕೋಡದ ಗಿರಿಜೆಯ ಮೊಬೈಲು ಕಳ್ದುಹೋಗ್ಯದೆ. ಸಿಕ್ಕುವರೆಗೆ ಅವಗೆ ಇದೇ ಗತಿ."

ಅವಳೇ ಫಿಲ್ಲುಬಾಯಿ. ಫಿಲೊಮಿನಾ ಎಂಬ ಹೆಸರನ್ನು ಚರ್ಚಿನ ಪಾದ್ರಿ ಬಿಟ್ಟರೆ ಇನ್ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ಉದ್ದಕ್ಕೆ, ಸಪೂರಕ್ಕೆ ಇದ್ದಳು. ಹಗಲಿಡೀ ನೈಟಿ, ಕೊರಳಲ್ಲಿ ಅಳತೆಯ ಟೇಪು, ಅದರ ಜೊತೆಗೇ ಸಿಕ್ಕುಬಿದ್ದ ಜಪಮಾಲೆ. ನಮ್ಮ ಓಣಿಯ ಹಿಂದೂ ಹೆಂಗಸರ ರವಿಕೆ, ಕ್ರಿಸ್ತುವರ ಮನೆಯ ಮದುವೆಯ ಗೌನು, ಭಟ್ಕಳದಿಂದ ಬಂದು ನೆಲೆಸಿದ್ದ ಮನೆಯವರ ಚೂಡಿದಾರ, ಎಲ್ಲ ಅವಳ ಮಿಶನ್ನಿನಡಿಯೇ ಹಾದುಹೋಗಬೇಕು. ಹೊಲಿಗೆ ಚೊಕ್ಕ. ನಾಲಗೆ ಮಾತ್ರ ಕತ್ತರಿ. ಹೆರಿಗೆಯಾದ ಮೇಲೆ ಮೊದಲ ಸಲ ಅಳತೆ ಕೊಡಲು ಹೋದಾಗ ಟೇಪನ್ನು ನನ್ನ ಸುತ್ತ ಹಾಕಿ, ತುದಿಗೆ ತುದಿ ಮುಟ್ಟಿಸಲು ಒದ್ದಾಡಿದಂತೆ ನಟಿಸಿ, "ನಿನ್ನ ಸೊಂಟ ಎಲ್ಲಿ ಹೋತು ಮಾರಾಯ್ತಿ? ಅಂತೋನಿಗೆ ಹೇಳಿ ಹುಡುಕಿಸ್ಬೇಕನಾ?" ಅಂದಳು. ಅಲ್ಲಿ ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮನೆಗೆ ಬಂದು ಅತ್ತುಬಿಟ್ಟೆ. ಮರುದಿನ ರವಿಕೆ ಎಷ್ಟು ಚಂದ ಕೂತಿತೆಂದರೆ ಸಿಟ್ಟು ಇಟ್ಟುಕೊಳ್ಳಲೂ ಆಗಲಿಲ್ಲ.

ಅಂತೋನಿ ಕಳೆದದ್ದನ್ನು ಹುಡುಕಿಕೊಡುವ ಸಂತ. ಅವನಿಗೆ ಮಂಗಳವಾರ ಮೇಣದ ಬತ್ತಿ ಹಚ್ಚಿ ಜಪ ಮಾಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಫಿಲ್ಲುಬಾಯಿಯೂ ಮಾಡುತ್ತಿದ್ದಳು. ಆದರೆ ಜಪ ಮುಗಿದ ಮೇಲೆ ಅವಳ ದಬ್ಬಾಳಿಕೆ ಶುರು. ಸಣ್ಣಪುಟ್ಟ ವಸ್ತುವಾದರೆ ಅಂತೋನಿಯ ಮುಖ ಗೋಡೆಗೆ. ಬೆಲೆಬಾಳುವಂಥದ್ದಾದರೆ ತಲೆಕೆಳಗಾಗಿ ಅಕ್ಕಿ ಡಬ್ಬಕ್ಕೆ. ಇದು ಅವಳ ಅಜ್ಜಿಯ ಕಾಲದಿಂದ ಬಂದ ಪದ್ಧತಿಯಂತೆ, ಮೂರ್ತಿಯೂ ಅಜ್ಜಿಯದೇ. ವಸ್ತು ಸಿಕ್ಕಿದೊಡನೆ ಅವನನ್ನು ತೊಳೆದು ಒರೆಸಿ ಪೀಠಕ್ಕೆ ಏರಿಸುವಳು. ಕಳೆದುಕೊಂಡವರು ಬೇಕರಿಯಿಂದ ಪಾವು ತಂದು ಬಡವರಿಗೆ ಹಂಚಬೇಕು. ಗಿರಿಜೆಯ ಮೊಬೈಲು ಅವಳದೇ ಮೀನುಬುಟ್ಟಿಯ ಬರ್ಫದಡಿ ಸಿಕ್ಕಿತು, ಕೆಟ್ಟುಹೋಗಿತ್ತು. ಆದರೂ ಪಾವು ಹಂಚಿದಳು.

ಅಂತೋನಿಯನ್ನು ಅಕ್ಕಿಯಿಂದ ಎತ್ತಿದಾಗ ನಾನು ಮೊದಲ ಸಲ ಅವನನ್ನು ಸರಿಯಾಗಿ ನೋಡಿದೆ. ಚರ್ಚಿನಲ್ಲಿರುವ ಅಂತೋನಿಯ ತೋಳಲ್ಲಿ ಬಾಲಯೇಸು ಕೂತಿರುತ್ತಾನೆ. ಇವನ ತೋಳು ಖಾಲಿ. ಮಗು ಕೂರಬೇಕಾದಲ್ಲಿ ಕೀಲಿನ ತೂತು ಮಾತ್ರ ಇತ್ತು.

"ಮಗು ಎಲ್ಲಿ ಬಾಯಿ?" ಅಂತ ಕೇಳಿದೆ.

"ನನ್ನ ಹತ್ರ ಅದೆ. ನನ್ನ ಗಂಡನ್ನ ಹುಡುಕಿಕೊಡ್ಲಿ, ಅವನ ಮಗು ನಾ ಕೊಡ್ತೆ."

ಗುಂಡಿಗಳ ಡಬ್ಬಿ ತೆಗೆದು ತೋರಿಸಿದಳು. ಬಣ್ಣಬಣ್ಣದ ಗುಂಡಿಗಳ ನಡುವೆ, ಹೆಬ್ಬೆರಳಿನಷ್ಟುದ್ದದ ಮರದ ಮಗು ಕೈಚಾಚಿಕೊಂಡು ಮಲಗಿತ್ತು. ಅವಳು ಡಬ್ಬಿ ಮುಚ್ಚಿ ಮತ್ತೆ ಮಿಶನ್ನು ತುಳಿಯತೊಡಗಿದಳು.

ಗಂಡ ಇನಾಸ ಗೋವೆಯ ಹೋಟೆಲಿಗೆ ಅಡುಗೆಗೆ ಹೋದವನು. ಮೊದಮೊದಲು ಕ್ರಿಸ್ಮಸ್ಸಿಗೆ ಬರುತ್ತಿದ್ದ. ಆಮೇಲೆ ಫೋನು ಮಾತ್ರ ಬಂತು. ಆಮೇಲೆ ಅದೂ ನಿಂತಿತು. ಮಕ್ಕಳಿಲ್ಲ. ಅವನಿಗೆ ಅಲ್ಲಿ ಇನ್ನೊಬ್ಬಳಿದ್ದಾಳೆಂದು ಊರಿಗೆಲ್ಲ ಗೊತ್ತಿತ್ತು, ಫಿಲ್ಲುಬಾಯಿಗೂ ಗೊತ್ತಿತ್ತು. ಆದರೆ ಅವಳ ಮುಂದೆ ಯಾರಾದರೂ 'ಬಿಟ್ಟುಹೋದ' ಅಂದರೆ ಮುಗಿಯಿತು. "ಬಿಟ್ಟುಹೋಗ್ಲಿಲ್ಲ, ಕಳ್ದುಹೋಗ್ಯಾನೆ. ಬಿಟ್ಟುಹೋದವ್ರನ್ನ ಹುಡುಕುವ ಸಂತ ಯಾರೂ ಇಲ್ಲ," ಅನ್ನುತ್ತಿದ್ದಳು.

ಹೊಸ ಪಾದ್ರಿಗೆ ಈ ಸುದ್ದಿ ಮುಟ್ಟಿ ಅವರು ಮನೆಗೇ ಬಂದರು. ಸಂತರನ್ನು ಹೀಗೆ ಹಿಂಸಿಸಬಾರದು, ಪ್ರಾರ್ಥನೆ ಅಂದರೆ ಚೌಕಾಶಿಯಲ್ಲ, ಮಗುವನ್ನು ಮರಳಿಸಿ ಎಂದು ಮೆಲ್ಲಗೆ ಹೇಳಿದರು. ಫಿಲ್ಲುಬಾಯಿ ಚಾ ಕೊಟ್ಟಳು, ಬಿಸ್ಕಿಟು ಕೊಟ್ಟಳು. ಕೊನೆಗೆ, "ಫಾದರ್, ನಿಮ್ಗೆ ಗಂಡ ಇದ್ದು ಕಳ್ದುಹೋಗಿದ್ರೆ ನಾ ನಿಮ್ಮ ಮಾತು ಕೇಳ್ತಿದ್ದೆ," ಅಂದಳು. ಅವರು ಚಾ ಅರ್ಧಕ್ಕೇ ಬಿಟ್ಟು ಎದ್ದರು.

ಅಂತೋನಿ ಕೊಡುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಗೆ ಕೊಡುತ್ತಿದ್ದ! ನನ್ನ ಅತ್ತೆಯ ಮೂಗುಬೊಟ್ಟು ಕಳೆದಾಗ, ಕ್ರಿಸ್ತುವರ ಮನೆಯ ನೀರೂ ಕುಡಿಯದ ಆ ಹೆಂಗಸು ಬೇಲಿಯಾಚೆ ನಿಂತು ಫಿಲ್ಲುಬಾಯಿಯನ್ನು ಬೇಡಿಕೊಂಡಳು. ಅಂತೋನಿ ಅಕ್ಕಿ ಡಬ್ಬಕ್ಕಿಳಿದ. ಮಧ್ಯಾಹ್ನ ಬಂಗುಡೆಯ ಸಾರಿನಲ್ಲಿ ಮೂಗುಬೊಟ್ಟು ಅತ್ತೆಯ ಹಲ್ಲಿಗೇ ಸಿಕ್ಕಿತು. ಮಸಾಲೆ ಅರೆಯುವಾಗ ಬಿದ್ದಿರಬೇಕು. ಮುಂದಿನ ಹಲ್ಲು ಮುರಿದು ರಕ್ತ ಬಂತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಶಾಪ ಹಾಕಿದರೆ ಫಿಲ್ಲುಬಾಯಿ ಬೇಲಿಯಾಚೆಯಿಂದ, "ಹುಡುಕಿಕೊಡು ಅಂದ್ರಿ, ಕೊಟ್ಟ. ಹಲ್ಲಿನ ಸುದ್ದಿ ನೀವು ಎತ್ತಿರ್ಲಿಲ್ಲ ಅಲ್ದಾ? ಪಾವು ತರ್ಸಿ," ಅಂದಳು. ನಾನು ಒಳಗೆ ಹೋಗಿ ಸೆರಗು ಕಚ್ಚಿಕೊಂಡು ನಕ್ಕೆ.

ಆ ನಗು ನನಗೆ ದಕ್ಕಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಗೋವೆಯ ನಂಬರಿನ ವ್ಯಾನು ಬಂದು ಫಿಲ್ಲುಬಾಯಿಯ ಅಂಗಳದಲ್ಲಿ ನಿಂತಿತು. ಡ್ರೈವರೂ ಒಬ್ಬ ಹೆಂಗಸೂ ಸೇರಿ ಗಂಡಸೊಬ್ಬನನ್ನು ಎತ್ತಿ ತಂದು ಜಗಲಿಯ ಕುರ್ಚಿಯಲ್ಲಿ ಕೂರಿಸಿದರು. ಲಕ್ವಾ ಹೊಡೆದು ಅವನ ಬಲಭಾಗವೆಲ್ಲ ಜೋತುಬಿದ್ದಿತ್ತು. ಜೊಲ್ಲು ಅಂಗಿಯ ಮೇಲೆ ಸುರಿಯುತ್ತಿತ್ತು. ಆ ಹೆಂಗಸು ಮಾತ್ರೆಗಳ ಪ್ಲಾಸ್ಟಿಕ್ ಚೀಲವನ್ನು ಅವನ ಮಡಿಲಲ್ಲಿಟ್ಟಳು.

"ನಿಮ್ಮ ಗಂಡ. ಚೊಲೋ ಇದ್ದಷ್ಟು ದಿನ ನಾನು ನೋಡ್ಕಂಡೆ. ಇನ್ನು ನೀವು ನೋಡ್ಕಳಿ," ಅಂದವಳೇ ವ್ಯಾನು ಹತ್ತಿದಳು. ಇನಾಸ ಅವಳು ಹೋದ ದಿಕ್ಕಿಗೆ ಎಡಗೈ ಎತ್ತಿ, "ಲವೀನಾ" ಅಂದ. ಅವನ ನಾಲಗೆಯಲ್ಲಿ ಉಳಿದದ್ದು ಅದೊಂದೇ ಹೆಸರು.

ಬೇಲಿಯ ಬಳಿ ನಿಂತಿದ್ದ ನನಗೆ ಫಿಲ್ಲುಬಾಯಿ ಚೀರುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅನ್ನಿಸಿತ್ತು. ಅವಳು ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ನೈಟಿಗೆ ಚುಚ್ಚಿಕೊಂಡಳು. ಒಳಗೆ ಹೋಗಿ ಗುಂಡಿ ಡಬ್ಬಿಯಿಂದ ಮಗುವನ್ನು ತಂದು ಅಂತೋನಿಯ ತೋಳಿಗೆ ಸಿಕ್ಕಿಸಿದಳು. ಕೀಲು ಸಡಿಲಾಗಿತ್ತು, ಬಿಳಿ ನೂಲಿನಿಂದ ಸುತ್ತಿದಳು.

"ಬಾಯಿ, ಇಂಥಾ ಗಂಡನ್ನ ಕೊಟ್ಟದ್ದಕ್ಕೆ ಮಗು ಬೇರೆ ಕೊಡ್ತ್ಯಾ?" ನನಗೆ ತಡೆಯಲಾಗಲಿಲ್ಲ.

"ಮಾತು ಅಂದ್ರೆ ಮಾತು. ಹುಡುಕಿಕೊಡು ಅಂದಿದ್ದೆ, ಕೊಟ್ಟ. ಎಂತಾ ಸ್ಥಿತೀಲಿ ಅಂತ ನಾನೂ ಹೇಳಿರ್ಲಿಲ್ಲ," ಅಂದಳು. ಆಮೇಲೆ ಇಡೀ ಓಣಿಗೆ ಪಾವು ಹಂಚಿದಳು. ನನಗೆ ಕೊಟ್ಟ ಪಾವನ್ನು ನಾನು ದನಕ್ಕೆ ಹಾಕಿದೆ.

ಇನಾಸನನ್ನು ಅವಳು ನೋಡಿಕೊಂಡ ಹಾಗೆ ಹೆತ್ತವಳೂ ನೋಡಿಕೊಳ್ಳಲಾರಳು, ಪೋಲೀಸರೂ ನೋಡಿಕೊಳ್ಳಲಾರರು. ಮೀಯಿಸಿ, ಪೌಡರು ಹಾಕಿ, ಗಡ್ಡ ಹೆರೆದು, ತಾನೇ ಹೊಲಿದ ಅಂಗಿ ತೊಡಿಸುವಳು. ಮೀನಿನ ಮುಳ್ಳು ಬಿಡಿಸಿ ಗಂಜಿ ಉಣ್ಣಿಸುವಳು. ಅವನೇನಾದರೂ "ಲವೀನಾ" ಅಂದನೋ, ತುತ್ತು ಅಲ್ಲಿಗೇ ನಿಂತಿತು. ಕುರ್ಚಿಯನ್ನು ದರದರ ಎಳೆದು ಅವನ ಮುಖವನ್ನು ಗೋಡೆಗೆ ತಿರುಗಿಸಿಬಿಡುವಳು. ಅವನಿಗೆ ತಾನಾಗಿ ತಿರುಗಲು ಬರುತ್ತಿರಲಿಲ್ಲ. ಸುಣ್ಣದ ಗೋಡೆಯನ್ನು ನೋಡುತ್ತ ಅರ್ಧ ಹಗಲು ಕೂತಿರುತ್ತಿದ್ದ, ಬೆನ್ನ ಹಿಂದೆ ಮಿಶನ್ನಿನ ಸದ್ದು.

"ಪಾಪ ಕಟ್ಕಳ್ಬೇಡ ಬಾಯಿ. ಸೀಕಿನ ಮನ್ಷ ಅವ," ಅಂದೆ.

"ಸಂತಗೇ ಮಾಡಿದ್ದೆ. ಇವ ಸಂತಗಿಂತ ದೊಡ್ಡವನಾ?" ಅಂದಳು. ಸ್ವಲ್ಪ ಹೊತ್ತು ಮಿಶನ್ನು ತುಳಿದು ನಿಲ್ಲಿಸಿದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅವತ್ತೇ ಕೇಳಿದ್ದು. "ನನ್ನ ಹೆಸ್ರು ಇವನ ನಾಲಿಗೆಯಿಂದ ಎಲ್ಲೋ ಬಿದ್ದುಹೋಗ್ಯದೆ ತಂಗಿ. ಒಂದು ಸಲ ಫಿಲ್ಲು ಅನ್ಲಿ. ಮೊದ್ಲು ಹಾಂಗೇ ಕರೀತಿದ್ದ. ಒಂದೇ ಸಲ ಅಂದ್ರೆ ಸಾಕು, ಮತ್ತೆ ಎಂತದೂ ಕೇಳುದಿಲ್ಲ."

ನಾನು ಪೀಠದ ಕಡೆ ನೋಡಿದೆ. ಅಂತೋನಿಯ ತೋಳು ಮತ್ತೆ ಖಾಲಿಯಾಗಿತ್ತು. ಬಿಳಿ ನೂಲು ಜೋತಾಡುತ್ತಿತ್ತು.

ಅದಾದ ಮೇಲೆ ಎರಡು ಮಳೆಗಾಲ ಕಳೆದವು. ಮಂಗಳವಾರದ ಜಪಕ್ಕೆ ಈಗ ಅವಳು ಇನಾಸನನ್ನೂ ಕೂರಿಸಿಕೊಳ್ಳುತ್ತಿದ್ದಳು. ಅವನ ಗದ್ದ ಹಿಡಿದು ತುಟಿಗಳನ್ನು ಬೆರಳಿನಿಂದ ಕೂಡಿಸಿ, "ಫಿ... ಅನ್ನು, ಫಿ..." ಎಂದು ಕಲಿಸುವಳು. ಅವನು ಕಣ್ಣು ತುಂಬಿಕೊಂಡು, ಕಷ್ಟಪಟ್ಟು, ಮೈಯ ಶಕ್ತಿಯನ್ನೆಲ್ಲ ಕೂಡಿಸಿ, "ಲವೀನಾ" ಅನ್ನುವನು. ಬೇಕೆಂದೇ ಅನ್ನುತ್ತಿದ್ದನೋ, ನಾಲಗೆಯೇ ಹಾಗೆ ಹೊರಳುತ್ತಿತ್ತೋ. ನನಗಂತೂ ಬೇಕೆಂದೇ ಅನ್ನುತ್ತಾನೆ ಅನ್ನಿಸಿ ಅವನ ಕೆನ್ನೆಗೆ ಬಿಗಿಯಬೇಕು ಅನ್ನಿಸುತ್ತಿತ್ತು. ಕುರ್ಚಿ ಗೋಡೆಗೆ ತಿರುಗುತ್ತಿತ್ತು.

ಕೊನೆಯ ದಿನ ನಾನು ಮಗಳ ಯೂನಿಫಾರ್ಮು ತರಲು ಮಧ್ಯಾಹ್ನ ಊಟವಾದ ಮೇಲೆ ಹೋದೆ. ಮಿಶನ್ನಿನ ಸದ್ದಿರಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಒಡೆದ ದನಿಯೊಂದು ಕೇಳಿಸಿತು. "ಫಿಲ್ಲು. ಫಿಲ್ಲು. ಫಿಲ್ಲು."

ಇನಾಸ ಗೋಡೆಗೆ ಮುಖ ಮಾಡಿ ಕೂತಿದ್ದ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಅವನ ಬೆನ್ನ ಹಿಂದೆ, ಅವನು ತಿರುಗಿ ನೋಡಲಾರದ ಜಾಗದಲ್ಲಿ, ಫಿಲ್ಲುಬಾಯಿ ನೆಲದ ಮೇಲೆ ಬೋರಲಾಗಿ ಬಿದ್ದಿದ್ದಳು. ಮುಟ್ಟಿದೆ, ತಣ್ಣಗಿದ್ದಳು. ಹೃದಯ ನಿಂತಿದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಗುಂಡಿ ಡಬ್ಬಿ ಉರುಳಿ ಕೋಣೆಯ ತುಂಬ ಗುಂಡಿಗಳು ಚೆಲ್ಲಿದ್ದವು. ಬಲಗೈ ಪೀಠದ ಕಡೆಗೆ ಚಾಚಿತ್ತು, ಮುಷ್ಟಿ ಬಿಗಿದಿತ್ತು. ಬೆರಳ ಸಂದಿಯಿಂದ ಮರದ ಒಂದು ಸಣ್ಣ ಕೈ ಹೊರಗೆ ಇಣುಕುತ್ತಿತ್ತು.

ಅಯ್ಯೋ, ಅವಳು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡಳು, ಎದ್ದಳು, ಕೊಟ್ಟ ಮಾತಿನಂತೆ ಮಗುವನ್ನು ಮರಳಿಸಲು ಹೊರಟಳು. ಇನಾಸನ ಕುರ್ಚಿಯನ್ನು ತಿರುಗಿಸುವಷ್ಟು ಪುರುಸೊತ್ತನ್ನೂ ಅಂತೋನಿ ಅವಳಿಗೆ ಕೊಡಲಿಲ್ಲ. ನಾನೇ ತಿರುಗಿಸಿದೆ. ಅವನು ನೋಡಿದ. ಆಮೇಲೂ ಫಿಲ್ಲು ಎಂದು ಕರೆಯುವುದನ್ನು ನಿಲ್ಲಿಸಲಿಲ್ಲ.

ಮೈ ತೊಳೆಯಲು ಬಂದ ಹೆಂಗಸರು ಮುಷ್ಟಿ ಬಿಡಿಸಲು ನೋಡಿದರು. "ಅಂತೋನಿಯ ಮಗು ಅದು, ಅವಂಗೆ ಕೊಟ್ಟುಬಿಡ್ವ," ಅಂದರು. ಫಿಲ್ಲುಬಾಯಿ ಬದುಕಿದ್ದರೆ ಖಂಡಿತ ಕೊಡುತ್ತಿದ್ದಳು, ಪಾವನ್ನೂ ಹಂಚುತ್ತಿದ್ದಳು. ನಾನು ಅವಳಲ್ಲ. ಪೀಠದ ಮೇಲೆ ಏನೂ ತಿಳಿಯದವನಂತೆ ಮುಗುಳ್ನಗುತ್ತ ನಿಂತಿದ್ದ ಅವನ ಮುಖ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರೂ ಆ ಕೈ ಮುಟ್ಟಕೂಡದು ಅಂತ ಗದರಿದೆ. ಕ್ರಿಸ್ತುವರ ಸಾವಿನ ಮನೆಯಲ್ಲಿ ನನ್ನದೇನು ಅಧಿಕಾರ? ಆದರೂ ಯಾರೂ ಮುಟ್ಟಲಿಲ್ಲ. ಬೆರಳುಗಳ ಮೇಲೆ ಅವಳ ಜಪಮಾಲೆಯನ್ನು ಸುತ್ತಿದೆ. ಹಾಗೆಯೇ ಮಣ್ಣಾದಳು.

ಇನಾಸನನ್ನು ಸಿಸ್ಟರುಗಳು ತಮ್ಮ ಆಶ್ರಮಕ್ಕೆ ಕರೆದೊಯ್ದರು. ಓಣಿಯ ತಿರುವಿನವರೆಗೂ ಅವಳ ಹೆಸರು ಕೇಳಿಸುತ್ತಿತ್ತು. ಅಂತೋನಿಯನ್ನು ಒಯ್ಯುವವರು ಯಾರೂ ಇರಲಿಲ್ಲ. ಈಗ ನಮ್ಮ ಹೊರಗಿನ ಕೋಣೆಯ ಕಪಾಟಿನ ಮೇಲೆ ಇದ್ದಾನೆ. ನಾನು ಅವನಿಗೆ ದೀಪ ಹಚ್ಚುವುದಿಲ್ಲ, ಏನನ್ನೂ ಕೇಳುವುದಿಲ್ಲ, ಧೂಳು ಮಾತ್ರ ಒರೆಸುತ್ತೇನೆ. ಮೊನ್ನೆ ಮೀನು ಕೊಡಲು ಬಂದ ಗಿರಿಜೆ ಬುಟ್ಟಿ ಇಳಿಸಿ ಅವನನ್ನೇ ನೋಡುತ್ತ ನಿಂತಳು.

"ಮಗು ಎಲ್ಲಿ ಅಕ್ಕಾ?"

"ಫಿಲ್ಲುಬಾಯಿ ಹತ್ರ ಅದೆ," ಅಂದೆ. "ಬೇಕಾದ್ರೆ ಅವನೇ ಹೋಗಿ ಹುಡುಕ್ಕಳ್ಲಿ."