ಬೀಗರೂಟ ಬೇಡ ಎಂದ ಬೀಗಿತ್ತಿ

ದುಡ್ಡೆಷ್ಟು ಎಂದು ಕೇಳಿದಾಗ ಯಾರಾದರೂ ‘ನೋಡಿ ಕೊಡಿ ಅಕ್ಕ’ ಎಂದರೆ ನಾನು ಅವರಿಗೆ ಕೆಲಸವನ್ನೇ ಕೊಡುವುದಿಲ್ಲ. ಮಗಳ ಮದುವೆಗೆ ಫೋಟೊ ತೆಗೆಯುತ್ತೇನೆಂದು ಬಂದವನು ಹಾಗಂದ. ಕಾಫಿ ಕುಡಿಸಿ ಕಳಿಸಿದೆ. ಹಾನುಬಾಳಿನ ಶಾಮಿಯಾನದವನು ನಿಮ್ಮ ಹತ್ತಿರ ಲಾಭ ನೋಡುತ್ತೇವೆಯೇ ಎಂದ. ಅವನಿಗೆ ಕಾಫಿಯೂ ಸಿಗಲಿಲ್ಲ. ನನ್ನ ಗಂಡನ ಪಾಲಿಗೆ ಲೋಕದಲ್ಲಿ ಎಲ್ಲರೂ ಒಳ್ಳೆಯವರೇ. ಮನೆಯಲ್ಲಿ ಒಬ್ಬರಾದರೂ ಅನುಮಾನ ಪಡದಿದ್ದರೆ ಹೆತ್ತೂರಿನ ನಮ್ಮ ಚಿಕ್ಕ ತೋಟ ಇಷ್ಟು ಹೊತ್ತಿಗೆ ಯಾರ ಹೆಸರಿನಲ್ಲಿರುತ್ತಿತ್ತೋ.

ಮದುವೆಯನ್ನು ಮನೆಯಲ್ಲೇ, ನಮ್ಮ ಕೈಲಾಗುವಷ್ಟರಲ್ಲಿ, ಆದರೆ ಬಂದವರು ನೆನೆಸಿಕೊಳ್ಳುವಂತೆ ಮಾಡಬೇಕೆಂಬುದು ನನ್ನ ಹಟ. ಕಾಫಿ ಒಣಗಿಸಿ ಮುಗಿದ ಮೇಲೆ ಕಣ ಖಾಲಿ ಬಿದ್ದಿರುತ್ತದೆ. ಅದು ಬಿಟ್ಟು ಬೇರೆ ಛತ್ರ ಏಕೆ ಬೇಕು? ಹಿಂದಿನ ವರ್ಷ ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳು ಬಿಡಿಸಿದಾಗ ಕಡಿದ ಸಿಲ್ವರ್ ಓಕ್ ಗಳಗಳು ಚಪ್ಪರಕ್ಕಾದವು. ಬಾಳೆ ಎಲೆ ತೋಟದ್ದು, ಅಕ್ಕಿ ಗದ್ದೆಯದು, ದೊಡ್ಡ ಪಾತ್ರೆಗಳು ದೇವಸ್ಥಾನದವು, ಅಡುಗೆಗೆ ಅಕ್ಕಪಕ್ಕದ ಮನೆಗಳ ಹೆಂಗಸರು. ಮಗಳ ಗೆಳತಿಯರು ಮಂಟಪಕ್ಕೆ ಕಾಫಿ ಹೂವು ಕಟ್ಟೋಣ ಎಂದಾಗ ಮಾತ್ರ ಜೋರು ಮಾಡಬೇಕಾಯಿತು. ಬರುವ ವರ್ಷದ ಫಸಲನ್ನು ಕಿತ್ತು ಕಂಬಕ್ಕೆ ಸುತ್ತುತ್ತಾರಂತೆ.

ಎಲ್ಲ ಹೀಗೆ ಹದಕ್ಕೆ ಬರುತ್ತಿರುವಾಗ ಗಂಡಿನ ತಾಯಿ ಒಂದು ಮಾತಾಡಿ ನನ್ನ ತಲೆಗೆ ಹುಳ ಬಿಟ್ಟರು. ಅವರು ಆಲೂರು ಕಡೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗನನ್ನು ಸಾಕಿದವರು. ಹುಡುಗ ಪಂಪ್‌ಸೆಟ್ಟು, ಕಳೆ ಹೊಡೆಯುವ ಮೆಷಿನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಮದುವೆಯ ಏರ್ಪಾಟು ಮಾತಾಡಲು ಬಂದ ದಿನ ಅವರು ಓಲಗದ ಬಗ್ಗೆ ಕೇಳಲಿಲ್ಲ, ಒಡವೆಯ ಬಗ್ಗೆ ಕೇಳಲಿಲ್ಲ. ಏಳುವ ಹೊತ್ತಿಗೆ ಮಾತ್ರ ಸೆರಗು ಸರಿಮಾಡಿಕೊಂಡು ಹೇಳಿದರು.

“ಎಲ್ಲಾ ನಿಮ್ಮಿಷ್ಟದಂಗೇ ಮಾಡಿ ಅಕ್ಕ. ಬೀಗರೂಟ ಒಂದು ಬ್ಯಾಡ.”

ನಮ್ಮಲ್ಲಿ ಧಾರೆಯ ದಿನ ಸಿಹಿಯೂಟ. ಅದಾದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದೇ ಬೀಗರೂಟ. ತಾಳಿ ಕಟ್ಟುವಾಗ ಬಾರದವರೂ ಅದಕ್ಕೆ ಜೀಪು ಮಾಡಿಕೊಂಡು ಬರುತ್ತಾರೆ. ಎಂಥ ಬಡವರೂ ಅದನ್ನು ಬಿಟ್ಟಿದ್ದನ್ನು ನಾನು ನೋಡಿಲ್ಲ. ಖರ್ಚಿಗೆ ಹೆದರಿದ್ದರೆ ಕೋಳಿಯಲ್ಲೇ ಮುಗಿಸಬಹುದಿತ್ತು. ಹಾಗಾದರೆ ಇವರ ಮನೆಯಲ್ಲಿ ನೆಂಟರು ಯಾರೂ ಊಟ ಮಾಡುವುದಿಲ್ಲವೇ? ಎರಡೂ ಕಡೆಯವರು ಒಟ್ಟಿಗೆ ಕೂತರೆ ಯಾರಾದರೂ ಏನಾದರೂ ಬಾಯಿಬಿಟ್ಟಾರು ಎಂಬ ಭಯವೇ? ಹುಡುಗನಿಗೆ ಮೊದಲೇ ಒಂದು ಮದುವೆ ಆಗಿದೆಯೇ? ನನ್ನ ಗಂಡ, ಒಳ್ಳೆಯದಾಯಿತಲ್ಲ, ಅವರಿಗೂ ಖರ್ಚು ಉಳಿಯಿತು ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು.

ಹಿಂದೊಂದು ಸಂಬಂಧ ನನ್ನ ವಿಚಾರಣೆಯಿಂದಲೇ ಮುರಿದಿತ್ತು. ಆ ಹುಡುಗ ಹಗಲೇ ಕುಡಿಯುತ್ತಾನೆಂದು ಪತ್ತೆ ಹಚ್ಚಿದ್ದು ನಾನು. ಅದರ ಬಗ್ಗೆ ನನಗೆ ಇವತ್ತಿಗೂ ಸಮಾಧಾನವೇ ಇದೆ. ಆದರೆ ಈ ಹುಡುಗನನ್ನು ಮಗಳು ಮೆಚ್ಚಿದ್ದಳು. ಅವನ ಫೋನು ಬಂದರೆ ನೆಟ್‌ವರ್ಕ್ ಸಿಗುತ್ತದೆಂದು ನೀರಿನ ಟ್ಯಾಂಕಿನ ಹತ್ತಿರ ಓಡುತ್ತಿದ್ದಳು. ನಾನು ಆಲೂರಿಗೆ ಹೊರಟಿದ್ದು ಗೊತ್ತಾಗಿ ಬಾಗಿಲಿಗೆ ಅಡ್ಡ ನಿಂತಳು.

“ಅವ್ವ, ನಿನ್ ಅನುಮಾನಕ್ಕೆ ಇದೂ ಹೋಗ್ಬುಟ್ರೆ ನಾನಿನ್ನು ಸೀರೆ ಉಟ್ಕಂಡು ಯಾರ ಮುಂದೂ ಕೂರಲ್ಲ.”

ಅವಳು ಹೇಳಿದ್ದು ಮಾಡುವವಳು. ನನಗೆ ಹೆದರಿಕೆಯಾಯಿತು. ಆದರೂ ಹೋದೆ.

ಅವರ ಊರಿನ ಬಸ್‌ಸ್ಟಾಪಿನ ಅಂಗಡಿಯಲ್ಲಿ ಎಲೆ ಅಡಿಕೆ ಕೊಳ್ಳುತ್ತಾ, ನಮ್ಮ ಕಡೆಯವರೊಬ್ಬರು ಆ ಮನೆಗೆ ಹೆಣ್ಣು ಕೊಡುತ್ತಾರಂತೆ ಎಂದು ಮಾತು ತೆಗೆದೆ. ಅಂಗಡಿಯ ಹೆಂಗಸು ಹುಡುಗನನ್ನು ಬಾಯಿ ತುಂಬ ಹೊಗಳಿದಳು. ಬೀಗರೂಟ ಗಡದ್ದಾಗಿರಬೇಕಲ್ಲ ಎಂದೆ. ಆ ಮನೆಯಲ್ಲಿ ಆ ಮಾತು ಮಾತ್ರ ಎತ್ತಬೇಡಿ ಎಂದು ಹೇಳಿ ಒಳಗೆ ಹೋದವಳು ಮತ್ತೆ ಬರಲಿಲ್ಲ. ನನ್ನ ಅನುಮಾನ ಎರಡರಷ್ಟಾಯಿತು. ನೆಟ್ಟಗೆ ಮನೆಗೇ ನಡೆದೆ.

ಬೀಗಿತ್ತಿ ಜಗುಲಿಯ ಮೇಲೆ ಮೊರದಲ್ಲಿ ಮೆಣಸು ಆರಿಸುತ್ತಿದ್ದರು. ಹೇಳದೆ ಕೇಳದೆ ಬಂದ ನನ್ನನ್ನು ಏಕೆ ಬಂದಿರೆಂದು ಕೇಳಲಿಲ್ಲ. ಬೆಲ್ಲದ ಕಾಫಿ ತಂದಿಟ್ಟು ಮತ್ತೆ ಮೊರ ಹಿಡಿದರು. ಏಕೆ ಕೇಳುತ್ತಿಲ್ಲ ಎಂಬುದೇ ನನಗೊಂದು ಅನುಮಾನ. ಸುತ್ತಿ ಬಳಸಿ ಮಾತಾಡುವ ತಾಳ್ಮೆ ಮುಗಿದಿತ್ತು. ಬೀಗರೂಟ ಏಕೆ ಬೇಡ, ನಿಜ ಹೇಳಿ ಎಂದೆ. ಅವರು ಮೊರದಿಂದ ತಲೆ ಎತ್ತಲಿಲ್ಲ.

“ನನ್ ಮದುವೆ ಬೀಗರೂಟ ಇದೇ ಅಂಗಳದಾಗೆ ಆಗಿದ್ದು ಅಕ್ಕ. ನಮ್ಮಪ್ಪ ಕೂತಿದ್ ಸಾಲಿಗೆ ಬರೇ ಮೂಳೆ ಬಂದ್ವು. ಕೇಳಿದ್ಕೆ ಯಾರೋ ಒಂದು ಮಾತಂದ್ರು. ನಮ್ಮಪ್ಪ ಎಲೆ ಬುಟ್ಟು ಎದ್ಬುಟ್ಟ. ಸಾಯೋ ಗಂಟ ಈ ಹೊಸ್ತಿಲು ತುಳೀಲಿಲ್ಲ.”

ನಾನೂ ಮೊರಕ್ಕೆ ಕೈ ಹಾಕಿ ಅವರ ಜೊತೆ ಮೆಣಸು ಆರಿಸಿದೆ. ಎಲೆ ಬಿಟ್ಟು ಏಳುವುದೆಂದರೆ ಎಂಥ ಅವಮಾನವೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆದರೆ ಬಸ್ಸು ಸಕಲೇಶಪುರ ದಾಟುವ ಹೊತ್ತಿಗೆ ಹುಳ ಮತ್ತೆ ಹರಿದಾಡತೊಡಗಿತು. ತುಂಡಿನ ಜಗಳ ನಡೆಯದ ಬೀಗರೂಟ ಯಾವುದಿದೆ? ಅಷ್ಟಕ್ಕೇ ಯಾರಾದರೂ ಪದ್ಧತಿ ಬಿಡುತ್ತಾರೆಯೇ? ಕಥೆ ಚೆನ್ನಾಗಿ ಕಟ್ಟಿದ್ದಾರೆ ಅನ್ನಿಸಿತು. ಮನೆಗೆ ಬಂದು ಹೇಳಿದಾಗ ನನ್ನ ಗಂಡ ಕಣ್ಣೊರೆಸಿಕೊಂಡರು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಅವರು ಟಿ.ವಿ. ಜಾಹೀರಾತು ನೋಡಿಯೂ ಅಳುತ್ತಾರೆ. ಮಗಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ, ಆಗಲಿ, ಮದುವೆ ನಡೆಯಲಿ ಎಂದೆ. ನಂಬಿದ್ದೇನೆ ಎಂದು ಹೇಳಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಕಾಫಿ ಅರಳಿಸುವ ಹೂಮಳೆ ನಮಗೆಂದೇ ಬಿದ್ದಿತ್ತೋ ಏನೋ, ಧಾರೆಯ ದಿನ ಕಣದ ಸುತ್ತಲ ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮ ಎನ್ನುತ್ತಿತ್ತು. ಬಂದವರು ಅದನ್ನೇ ಹೇಳಿಕೊಂಡು ಓಡಾಡಿದರು. ನನ್ನ ಕಣ್ಣು ಮಾತ್ರ ಬೀಗಿತ್ತಿಯ ಮೇಲಿತ್ತು. ಊಟಕ್ಕೆ ಕೂತಾಗ ಅವರು ತಮ್ಮವರನ್ನು ಬಿಟ್ಟು ನಮ್ಮ ಕಡೆಯವರ ಸಾಲುಗಳಲ್ಲೇ ನಡೆದರು. ಒಂದೊಂದು ಎಲೆಯ ಮೇಲೂ ಬಗ್ಗಿ ನೋಡಿದರು. ನನ್ನ ಅಣ್ಣ ಮೊದಲೇ ಮೂಗಿನ ಮೇಲೆ ಸಿಟ್ಟಿರುವವನು. ಅವನ ಎಲೆಗೆ ಹೋಳಿಗೆ ಬಿದ್ದಿರಲಿಲ್ಲ. ಬೀಗಿತ್ತಿಯೇ ಬಡಿಸುವವನನ್ನು ಕರೆದು ಹಾಕಿಸಿದರು. ನಮ್ಮ ಮನೆಯ ಊಟದಲ್ಲಿ ಹುಳುಕು ಹುಡುಕುತ್ತಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು.

ಸ್ವಲ್ಪ ದಿನ ಕಳೆದ ಮೇಲೆ ಬೀಗಿತ್ತಿಯೇ ಫೋನು ಮಾಡಿ ನನ್ನನ್ನೂ ನನ್ನ ಗಂಡನನ್ನೂ ಊಟಕ್ಕೆ ಕರೆದರು. ಇದು ಬೀಗರೂಟ ಅಲ್ಲ, ಬರೀ ಊಟ ಎಂದು ಒತ್ತಿ ಹೇಳಿದರು. ಗಂಡಸರದು ನಡುಮನೆಯಲ್ಲಿ ಮುಗಿದ ಮೇಲೆ ನಾವು ಮೂವರು ಹೆಂಗಸರು ಅಡುಗೆಮನೆಯಲ್ಲಿ ಕೂತೆವು. ಕಡುಬು, ಮಟನ್ ಸಾರು. ಬೀಗಿತ್ತಿ ನನಗೂ ಮಗಳಿಗೂ ಬಡಿಸಿ, ಕೊನೆಗೆ ತಮಗೆ ಹಾಕಿಕೊಂಡು ಪಕ್ಕದಲ್ಲಿ ಕೂತರು.

ನನ್ನ ಎಲೆಯಲ್ಲಿ ಒಂದೇ ಒಂದು ಮೂಳೆ ಇರಲಿಲ್ಲ. ಮೂಳೆ ಇಲ್ಲದೆ ಸಾರಿಗೆ ಈ ರುಚಿ ಬರುವುದಿಲ್ಲವಲ್ಲ ಎಂದು ಅನುಮಾನವಾಯಿತು. ಅಭ್ಯಾಸಬಲದಿಂದ ಕಣ್ಣು ಮಗಳ ಎಲೆಗೆ ಹೋಯಿತು. ಅಲ್ಲೂ ಬರೀ ಮೆತ್ತನೆಯ ತುಂಡು. ಆಮೇಲೆ ಬೀಗಿತ್ತಿಯ ಎಲೆ ನೋಡಿದೆ. ಕಡುಬಿನ ಹಿಂದೆ ಮರೆಮಾಡಿ ಇಟ್ಟುಕೊಂಡಿದ್ದರು. ಬರೀ ಮೂಳೆ.

ನನ್ನ ಎಲೆಯಿಂದ ಎರಡು ತುಂಡು ಎತ್ತಿ ಅವರ ಎಲೆಗೆ ಹಾಕಿ, ಅವರ ಎಲೆಯ ಒಂದು ಮೂಳೆ ತೆಗೆದುಕೊಂಡೆ.

“ಎಂಜ್ಲಾಗ್ತದೆ ಅಕ್ಕ,” ಎಂದರು.

ಆಗಲಿ ಎಂದು ಚೀಪತೊಡಗಿದೆ.