ಗುರಣ್ಣನ ಗಾಡಿಯ ಸಪ್ಪಳ

ಗುರಣ್ಣ ಪ್ರಶ್ನೆಯನ್ನೂ ತಾನೇ ಕೇಳುತ್ತಿದ್ದ, ಉತ್ತರವನ್ನೂ ತಾನೇ ಹೇಳಿಕೊಳ್ಳುತ್ತಿದ್ದ. “ನಾಷ್ಟಾ ಆತೇನ್ರಿ ಅಕ್ಕೋರ? ಆಗಿರ್ತೈತಿ ಬಿಡ್ರಿ. ಏನ್ ಮಾಡಿದ್ರಿ, ಉಪ್ಪಿಟ್ಟ? ಉಪ್ಪಿಟ್ಟ ಇರ್ತೈತಿ, ಮುಂಜಾನಿ ಅವಸರ.” ಅವಲಕ್ಕಿ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಗಾಡಿಯೂ ಅವನ ಮಾತೂ ಇಳಕಲ್ ದಾಟಿರುತ್ತಿದ್ದವು. ಇಂಥ ಬಾಯಿಬಡುಕನನ್ನು ನಾನು ಎಲ್ಲೂ ಕಂಡಿಲ್ಲ ಎಂದು ಮನೆಯಲ್ಲಿ ದಿನಾ ದೂರುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ನಾನು ಹುನಗುಂದದ ಹೆಣ್ಣುಮಕ್ಕಳ ಸಾಲಿಯಲ್ಲಿ ಶಿಕ್ಷಕಿ, ಮನೆ ಇಳಕಲ್‌ನಲ್ಲಿ. ಬಸ್ಸು ಇತ್ತು, ಆದರೆ ಅದು ತನಗೆ ತೋಚಿದಾಗ ಬರುತ್ತಿತ್ತು. ಹಾಗಾಗಿ ನಾವು ನಾಲ್ಕು ಮಂದಿ ಸೇರಿ ಗುರಣ್ಣನ ಹಳೆಯ ಕರಿ ಕಾರನ್ನು ಗೊತ್ತುಮಾಡಿಕೊಂಡಿದ್ದೆವು. ಮುಂದೆ ಇಬ್ಬರು ಸೀರೆ ವ್ಯಾಪಾರಿಗಳು. ಹಿಂದೆ ನಾನು ಮತ್ತು ಸಿದ್ದವ್ವ. ಬೀರಪ್ಪ ದೇವರ ಒಕ್ಕಲಾದ ಸಿದ್ದವ್ವ ಹಣೆ ತುಂಬ ಭಂಡಾರದ ಅರಿಸಿನ ಹಚ್ಚಿಕೊಂಡು, ಮಾರುವ ಕಂಬಳಿಯ ಗಂಟನ್ನು ಕಾರಿನ ತಲೆಯ ಮೇಲೆ ಕಟ್ಟಿಸಿ, ರಾಣಿಯ ಹಾಗೆ ಕಿಟಕಿಯ ಬದಿಗೆ ಕೂರುತ್ತಿದ್ದಳು.

ಗುರಣ್ಣ ನೇಕಾರರ ಮನೆಯ ಮಗ. ಹರೆಯದಲ್ಲಿ ಸೊಲ್ಲಾಪುರಕ್ಕೆ ಹೋಗಿ ಪವರ್‌ಲೂಮಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದಿದ್ದ. ಆ ಶೆಡ್ಡಿನ ಹೆಸರೆತ್ತಿದರೆ ಮುಖ ಹುಳ್ಳಗೆ ಮಾಡುತ್ತಿದ್ದ. “ಅಲ್ಲಿ ಬರೇ ಗ್ವಾಡಿ ನೋಡಿ ನೋಡಿ ನನ್ನ ಹರೇ ಹೋತ್ರಿ. ಇಲ್ಲಿ ನೋಡ್ರಿ, ಒಂದರ ಗ್ವಾಡಿ ಅದಾವೇನ್ರಿ?” ಎಂದು ಸ್ಟಿಯರಿಂಗ್ ಬಿಟ್ಟು ಎರಡೂ ಕಡೆಯ ಜೋಳದ ಹೊಲಗಳಿಗೆ ಕೈ ತೋರಿಸುತ್ತಿದ್ದ. ನಮ್ಮ ಜೀವ ಬಾಯಿಗೆ ಬರುತ್ತಿತ್ತು.

ಆ ಗಾಡಿಯ ಮೇಲೆ ಅವನಿಗಿದ್ದ ಅಕ್ಕರೆಯನ್ನು ಏನು ಹೇಳಲಿ! ಗಾಜು ಒರೆಸಲು ಹೆಂಡತಿಯ ಹಳೆಯ ಇಳಕಲ್ ಸೀರೆಯ ಸೆರಗೇ ಆಗಬೇಕು. ಬಾಗಿಲು ಜೋರಾಗಿ ಹಾಕಿದವರಿಗೆ ಹುನಗುಂದ ಬರುವ ತನಕ ಬುದ್ಧಿಮಾತು. “ಇದರ ನಾಡಿ ನನಗ ಗೊತ್ತೈತಿ” ಎನ್ನುವುದು ಅವನ ಹೆಮ್ಮೆ. ನಾವೂ ಅದನ್ನು ನಂಬಿಬಿಟ್ಟಿದ್ದೆವು. ನಮಗೆ ಮುಳುವಾದದ್ದು ಆ ನಂಬಿಕೆಯೇ.

ಒಂದು ಸೋಮವಾರ ಮುಂದಿನ ಎಡ ಚಕ್ರದ ಕಡೆಯಿಂದ ರುಂಯ್ ಎಂಬ ಸದ್ದು ಶುರುವಾಯಿತು. ಗಾಡಿ ಓಡಿದರೆ ಏರುವುದು, ನಿಧಾನಿಸಿದರೆ ಇಳಿಯುವುದು. ನಾನು ಸಿದ್ದವ್ವನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ವ್ಯಾಪಾರಿಗಳು ಹೊರಗಿನ ಬೇವಿನ ಮರಗಳನ್ನು ನೋಡಿದರು. ಗುರಣ್ಣನೋ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಬಗ್ಗೆ ಉಪನ್ಯಾಸ ನಡೆಸಿದ್ದ. ನಾಡಿ ಬಲ್ಲವನೇ ಸುಮ್ಮನಿರುವಾಗ ನಮ್ಮದೇನು ನಡುವೆ ಎಂದು ನಾವೂ ಸುಮ್ಮನಾದೆವು. ಬುಧವಾರದ ಹೊತ್ತಿಗೆ ಅದು ಬೀಸುಕಲ್ಲಿನ ಹಾಗೆ ಗರಗರ ಅನ್ನತೊಡಗಿತು. ನಾವು ನಮ್ಮ ನಮ್ಮಲ್ಲಿ ಕೂಗಿ ಮಾತಾಡುವುದನ್ನು ರೂಢಿಸಿಕೊಂಡೆವು. ಮರ್ಯಾದೆ ಎಂಬುದು ಮನುಷ್ಯನನ್ನು ಎಂಥ ಮಬ್ಬನನ್ನಾಗಿ ಮಾಡುತ್ತದೆ ನೋಡಿ.

ಶುಕ್ರವಾರ, ಹುನಗುಂದ ಇನ್ನೇನು ಬಂತು ಅನ್ನುವಾಗ ಗಾಡಿ ಇಡೀ ಮೈ ನಡುಗಿಸಿ ಎಡಕ್ಕೆ ಎಳೆಯಿತು. ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಗುರಣ್ಣ ಹೇಗೋ ಸಂಭಾಳಿಸಿ ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಚಕ್ರದ ನಡುವೆ ಕೈಯಿಟ್ಟವನೇ ಹಾ ಎಂದು ಹಿಂದೆ ಎಳೆದುಕೊಂಡ. ಕಾದ ಹಂಚಿನಂತಾಗಿತ್ತು. ಜಾಕ್ ಹಚ್ಚಿ ಗಾಡಿ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದ. ಅದು ಸಡಿಲಾದ ಹಲ್ಲಿನಂತೆ ಅತ್ತಿತ್ತ ಆಡಿತು.

“ಬೇರಿಂಗ್ ಪುಡಿಪುಡಿ ಆಗೇತ್ರಿ,” ಅಂದ. “ಚಕ್ರ ಕಳಚಿ ಬೀಳಲಿಲ್ಲ, ದೇವ್ರು ದೊಡ್ಡಾಂವ. ಆದ್ರ ಇಷ್ಟ ಆಗೂತನಾ ಒಂದ್ ಸಪ್ಪಳಾ ಮಾಡಲಿಲ್ಲಲ್ರಿ ಇದು!”

ಸಿದ್ದವ್ವನಿಗೆ ತಡೆಯಲಾಗಲಿಲ್ಲ. “ಸಪ್ಪಳಾ ಮಾಡಲಿಲ್ಲಾ? ಸ್ವಾಮಾರದಿಂದ ಒದರಾಕತ್ತೈತಲ್ಲೋ ಮಾರಾಯಾ! ನಿನಗ ಕಿವಿ ಅದಾವೋ ಇಲ್ಲೋ?”

ಗುರಣ್ಣ ಅವಳ ಬಾಯಿಯನ್ನೇ ನೋಡುತ್ತಿದ್ದ. ಆಮೇಲೆ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದ. ಆಗ ನನಗೆ ಎಲ್ಲ ಹೊಳೆಯಿತು. ಅವನು ಬಾಯಿಬಡುಕನಾಗಿರಲಿಲ್ಲ. ಸೊಲ್ಲಾಪುರದ ಶೆಡ್ಡಿನ ಮಗ್ಗಗಳ ಗದ್ದಲ ಅವನ ಕಿವಿಗಳನ್ನು ತಿಂದುಹಾಕಿತ್ತು. ನಾವು ಹೇಳುವುದು ತನಗೆ ಕೇಳಿಸದು ಎಂದು ನಮಗೆ ತಿಳಿಯಬಾರದೆಂದೇ ನಮ್ಮ ಪಾಲಿನ ಉತ್ತರವನ್ನೂ ಅವನೇ ಹೇಳಿಬಿಡುತ್ತಿದ್ದ. ಇಂಥವನನ್ನೇ ನಾನು ಮನೆಯಲ್ಲಿ ದಿನಾ ದೂರುತ್ತಿದ್ದೆ.

“ಖರೇನ್ರಿ ಅಕ್ಕೋರ?” ಎಂದು ನನ್ನನ್ನು ಕೇಳಿದ. ಅಷ್ಟು ದಿನಗಳಲ್ಲಿ ಮೊದಲ ಸಲ, ಕೇಳಿ, ಉತ್ತರಕ್ಕಾಗಿ ಕಾದ. ನಾನು ಹೌದೆಂದು ತಲೆಯಾಡಿಸಿದೆ.

ಅವನು ಅಲ್ಲೇ ಹೊಲದ ಬದುವಿನ ಮೇಲೆ ಕುಸಿದು ಕೂತ. “ಮಂದಿಗೆ ಗೊತ್ತಾದ್ರ ನನ್ನ ಗಾಡ್ಯಾಗ ಯಾರ್ ಕುಂಡ್ರತಾರ್ರಿ? ಮತ್ತ ಆ ಗ್ವಾಡೀನ ನನಗ ಗತಿ,” ಅಂದ. ಆ ದೊಡ್ಡ ಬಾಯಿಯ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ತೀರ್ಪು ಕೊಟ್ಟವಳು ಸಿದ್ದವ್ವ. ವ್ಯಾಪಾರಿಗಳ ಕಡೆ ಕಣ್ಣು ಬಿಟ್ಟು, “ಈ ಮಾತು ಇಲ್ಲೇ ಮಣ್ಣಾಗ ಹೋಗ್ಲಿ. ಇಂವನ್ನ ಬಿಟ್ರ ನನ್ನ ಕಂಬಳಿ ಗಂಟ ಯಾರ್ ಹೊರತಾರ?” ಅಂದಳು. ಆಮೇಲೆ ಗುರಣ್ಣನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: “ಇನ್ನ ಮ್ಯಾಲ ನಮ್ಮನ್ನ ವಿಚಾರ್ಸು. ವಿಚಾರ್ಸಿದ ಮ್ಯಾಲ ಬಾಯಿ ಮುಚ್ಚು.”

ಬಾಗಲಕೋಟೆಯಿಂದ ಹೊಸ ಬೇರಿಂಗ್ ಬಂತು. ಹುನಗುಂದದ ಗ್ಯಾರೇಜಿನ ಮೇಸ್ತ್ರಿಯ ಕೈಯಿಂದ ಗ್ರೀಸಿನ ಡಬ್ಬಿ ಕಸಿದುಕೊಂಡು ಗುರಣ್ಣ ತಾನೇ ಬೆರಳಿನಿಂದ ಅದರ ಸಂದಿ ಸಂದಿಗೂ ಗ್ರೀಸ್ ತುಂಬಿದನಂತೆ. ಮರುವಾರ ನೋಡಿದರೆ ಗಾಡಿಯೊಳಗೆ ಎರಡನೆಯ ಕನ್ನಡಿಯೊಂದು ಕೂತಿತ್ತು. ಅದು ರಸ್ತೆ ನೋಡುವುದಕ್ಕಲ್ಲ, ಹಿಂದೆ ಕೂತವರ ತುಟಿ ನೋಡುವುದಕ್ಕೆ. ಹೊಸದಾಗಿ ಗಾಡಿ ಹತ್ತಿದ ಹೆಣ್ಣುಮಗಳೊಬ್ಬಳು, “ಡ್ರೈವರ್ ನನ್ನನ್ನ ನೋಡಾಕತ್ತಾನ” ಎಂದು ಸಿಟ್ಟಾದಾಗ ಸಿದ್ದವ್ವ, “ನಿನ್ನ ಚೆಲುವಿಕಿ ಅಲ್ಲವಾ, ಅಂವ ನೋಡೂದು ನೀ ಎಲ್ಲಿ ಇಳೀತಿ ಅಂತ” ಎಂದು ಅವಳ ಬಾಯಿ ಮುಚ್ಚಿಸಿದಳು.

ಅಂದಿನಿಂದ ಒಂದು ಪದ್ಧತಿಯಾಯಿತು. ಊರು ದಾಟಿ ಗಾಡಿ ವೇಗ ಹಿಡಿದ ಕೂಡಲೇ ಗುರಣ್ಣ ಕನ್ನಡಿಯಲ್ಲಿ ನನ್ನನ್ನು ಕೇಳುತ್ತಿದ್ದ: “ಸಪ್ಪಳ ಐತೇನ್ರಿ?” ಎಲ್ಲರೂ ಉಸಿರು ಹಿಡಿದು ಕಿವಿಗೊಡುತ್ತಿದ್ದೆವು. ನಾನು ಇಲ್ಲವೆಂದು ತಲೆಯಾಡಿಸಿದರೆ ಅವನ ಮುಖ ಅರಳುತ್ತಿತ್ತು. “ಹಂಗಾರ ಹೋಗೂಣು ನಡೀರಿ!” ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ. ಕಿವಿಯಿಲ್ಲದ ಡ್ರೈವರನನ್ನು ನಂಬಿ ವರ್ಷಗಟ್ಟಲೆ ಓಡಾಡಿದೆವಲ್ಲ! ಆದರೆ ಕಿವಿಯಿದ್ದವರು ಯಾರೂ ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟದ್ದಿಲ್ಲ.

ಒಮ್ಮೆ ನನ್ನ ಗಂಡನನ್ನು ರೈಲಿಗೆ ಬಿಡಲು ಗುರಣ್ಣನ ಗಾಡಿಯಲ್ಲೇ ಬಾದಾಮಿಗೆ ಹೊರಟಿದ್ದೆವು. ಊರು ಇನ್ನೇನು ಹತ್ತಿರ ಬಂತು ಅನ್ನುವಾಗ ನನಗೆ ಟಕಟಕ ಎಂದು ಕೇಳಿಸಿತು. ಸಪ್ಪಳ ಐತಿ ಎಂದೆ. ಗುರಣ್ಣ ಅಲ್ಲೇ ಗಾಡಿ ನಿಲ್ಲಿಸಿ ಚಕ್ರ ಬಿಚ್ಚತೊಡಗಿದ. ರೈಲಿನ ಹೊತ್ತಾಯಿತೆಂದು ನನ್ನ ಗಂಡ ಕೂಗಾಡಿದರು. ಗುರಣ್ಣ ಅವರ ಬಾಯಿಯನ್ನೊಮ್ಮೆ ನೋಡಿ, “ಅಕ್ಕೋರು ಐತಿ ಅಂದ್ರ ಐತ್ರಿ ಸಾಹೇಬ್ರ” ಅಂದ. ಕೊನೆಗೆ ಸಿಕ್ಕಿದ್ದು ಚಕ್ರದ ಮುಚ್ಚಳದೊಳಗೆ ಸೇರಿದ್ದ ಒಂದು ಸಣ್ಣ ಕಲ್ಲುಹರಳು. ರೈಲು ತಪ್ಪಿತು. ಗುರಣ್ಣ ಮಾತ್ರ ಆ ಹರಳನ್ನು ಅಂಗೈಯಲ್ಲಿಟ್ಟು ಹಿಗ್ಗಿನಿಂದ ತೋರಿಸಿದ. “ನೋಡ್ರಿ, ಇತ್ತಲ್ರಿ ಸಪ್ಪಳಾ!”

ಎಂಬತ್ತರ ದಶಕದಲ್ಲಿ ನನಗೆ ಬಾಗಲಕೋಟೆಗೆ ವರ್ಗವಾಯಿತು. ಸಿದ್ದವ್ವ ತೀರಿಕೊಂಡಳು. ತನ್ನ ಗಾಡಿಯ ಕಿವಿಗಳೆಲ್ಲ ಹೋದವೆಂದು ಗುರಣ್ಣ ಕಾರನ್ನೂ ಮಾರಿಬಿಟ್ಟನೆಂದು ಕೇಳಿದೆ. ಅವನ ಕೈಯಲ್ಲಿ ಸ್ಟಿಯರಿಂಗ್ ಇಲ್ಲದ್ದನ್ನು ನೆನೆಸಿಕೊಳ್ಳಲೂ ನನಗೆ ಆಗಲಿಲ್ಲ.

ಕೆಲವು ವರ್ಷಗಳ ಮೇಲೆ ಅವನ ಹೆಂಡತಿ ಸಾಲಿ ಹುಡುಕಿಕೊಂಡು ಬಂದಳು. ಗುರಣ್ಣನಿಗೆ ಎದೆಯ ರೋಗ ಬಲಿತು ಬಾಗಲಕೋಟೆಯ ದವಾಖಾನೆಯಲ್ಲಿದ್ದ, ಅಕ್ಕೋರನ್ನು ಕರೆ ಎಂದು ಹಟ ಹಿಡಿದಿದ್ದ. ಹೋದೆ. ವಾರ್ಡಿನ ಬಾಗಿಲಲ್ಲೇ ಅವನ ಉಸಿರು ಕೇಳಿಸಿತು. ಬೇರಿಂಗ್ ಪುಡಿಯಾದ ಆ ಚಕ್ರದ ಹಾಗೆ ಗರಗರ ಎನ್ನುತ್ತಿತ್ತು.

ನನ್ನನ್ನು ಕಂಡು ಅವನ ಕಣ್ಣುಗಳು ಅರಳಿದವು. ಊಟ ಆಯಿತೇ ಎಂದು ಕೇಳಲಿಲ್ಲ, ತಾನೇ ಉತ್ತರವನ್ನೂ ಹೇಳಲಿಲ್ಲ. ನನ್ನ ಕೈಯನ್ನು ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ ಕೇಳಿದ:

“ಸಪ್ಪಳ ಐತೇನ್ರಿ ಅಕ್ಕೋರ?”

ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನನ್ನ ಕೈಯ ಕೆಳಗೆ ಆ ಎದೆ ಇಡಿಯಾಗಿ ಅದುರುತ್ತಿತ್ತು. ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ಇಲ್ಲವೆಂದು ತಲೆಯಾಡಿಸಿದೆ.

“ಹಂಗಾರ ಹೋಗೂಣು ನಡೀರಿ,” ಎಂದು ಗುರಣ್ಣ ನಕ್ಕ.